ವಾರದ ದಿನಗಳಿಗೆ ನಿಮ್ಮ ಮನೆಯದೇ ಹೆಸರು ಕಟ್ಟುವುದು ಹೇಗೆ?

ನನ್ನ ಅಜ್ಜ ಮೈಸೂರಿನಲ್ಲಿ ಹೈಸ್ಕೂಲು ಓದಿದ್ದು ವಾರಾನ್ನದಲ್ಲಿ. ವಾರಾನ್ನ ಅಂದರೆ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಊರು ಬಿಟ್ಟು ಓದಲು ಬಂದ ಬಡ ಹುಡುಗರು ಏಳು ಮನೆ ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದರು. ಅಜ್ಜನಿಗೆ ಸೋಮವಾರ ಅಂದರೆ ಗಡಿಯಾರದ ಮನೆ. ಮಂಗಳವಾರ ಮೆಟ್ಟಿಲ ಮನೆ. ಗುರುವಾರ ಹುಳಿ ಮನೆ, ಅಲ್ಲಿನ ಹುಳಿ ಅಷ್ಟು ರುಚಿಯಂತೆ. ಶನಿವಾರಕ್ಕೆ ಮಾತ್ರ ಮನೆ ಸಿಕ್ಕಿರಲಿಲ್ಲ. ಅವತ್ತು ಕಡ್ಲೆಪುರಿ ತಿಂದು ನೀರು ಕುಡಿದು ಮಲಗುತ್ತಿದ್ದರು. ಎಂಬತ್ತು ದಾಟಿದ ಮೇಲೂ ಶನಿವಾರ ಬೆಳಗ್ಗೆ ಎದ್ದು "ಇವತ್ತು ಪುರಿವಾರ" ಅನ್ನುತ್ತಿದ್ದರು.

ದಿನಕ್ಕೆ ಅರ್ಥ ಇರುವ ಹೆಸರು ಅಂದರೆ ನನಗೆ ಇದೇ. ಯಾರೂ ಕೂತು ಯೋಚಿಸಿ ಇಟ್ಟದ್ದಲ್ಲ. ಆ ದಿನ ನಿಜವಾಗಿ ಏನಾಗುತ್ತಿತ್ತೋ ಅದೇ ಹೆಸರಾಯಿತು. ಎರಡು ವರ್ಷದ ಹಿಂದೆ ನನ್ನ ಮಗಳು, ಆಗ ಮೂರನೇ ಕ್ಲಾಸು, "ಅಮ್ಮಾ, ಬುಧ ಅಂದ್ರೆ ಏನು? ಬುಧವಾರ ಬುಧ ಏನು ಮಾಡ್ತಾನೆ?" ಅಂತ ಕೇಳಿದಳು. ಆಗಿಂದ ನಮ್ಮ ಮನೆಯಲ್ಲಿ ದಿನಗಳಿಗೆ ಹೆಸರು ಕಟ್ಟುವ ಕೆಲಸ ಶುರುವಾಯಿತು. ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿರುವ ಮನೆಗೆ, ಶಾಲೆಯ ತರಗತಿಗೆ, ರಿಟೈರ್ ಆಗಿ ಎಲ್ಲ ದಿನವೂ ಒಂದೇ ಥರ ಕಾಣುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು, ಇರುವ ಹೆಸರನ್ನು ತಿಳಿದುಕೊಳ್ಳಿ

ಹೊಸದು ಕಟ್ಟುವ ಮೊದಲು ಹಳೆಯದರ ಕಥೆಯನ್ನು ಮಕ್ಕಳಿಗೆ ಹೇಳಿ. ಒಂದು ಸಂಜೆ ಸಾಕು. ನಮ್ಮ ಏಳೂ ಹೆಸರು ಆಕಾಶದಿಂದ ಬಂದವು. ಭಾನು, ಸೋಮ ಅಂದರೆ ಸೂರ್ಯ, ಚಂದ್ರ. ಉಳಿದ ಐದು ಬರಿಗಣ್ಣಿಗೆ ಕಾಣುವ ಗ್ರಹಗಳು.

ಅವು ಈ ಸಾಲಿನಲ್ಲೇ ಯಾಕೆ ಬರುತ್ತವೆ? ಇದನ್ನು ಮಗಳ ಜೊತೆ ಕೂತು ಲೆಕ್ಕ ಹಾಕಿದ್ದು ನನಗೆ ತುಂಬಾ ಖುಷಿ ಕೊಟ್ಟ ಹೊತ್ತು. ಆಕಾಶದಲ್ಲಿ ನಿಧಾನವಾಗಿ ಸಾಗುವವರಿಂದ ಬೇಗ ಸಾಗುವವರ ತನಕ ಬರೆಯಿರಿ: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ. ದಿನಕ್ಕೆ 24 ಹೋರೆ, ಅಂದರೆ ಗಂಟೆ. ಒಂದೊಂದು ಹೋರೆಗೆ ಒಬ್ಬ ಒಡೆಯ, ಮೊದಲ ಹೋರೆಯ ಒಡೆಯನ ಹೆಸರೇ ಆ ದಿನಕ್ಕೆ. ಏಳು ಜನ ಮೂರು ಸುತ್ತು ಬಂದರೆ 21 ಹೋರೆ ಮುಗಿಯುತ್ತದೆ, ಇನ್ನು ಮೂರು ಉಳಿಯುತ್ತದೆ. ಶನಿಯಿಂದ ಶುರುವಾದ ದಿನದ ಆ ಮೂರು ಹೋರೆ ಶನಿ, ಗುರು, ಮಂಗಳರ ಪಾಲಿಗೆ. ಹಾಗಾಗಿ ಮಾರನೇ ದಿನದ ಮೊದಲ ಹೋರೆ ರವಿಯದು. ಶನಿವಾರದ ಮಾರನೇ ದಿನ ರವಿವಾರ! ರವಿಯಿಂದ ಹೀಗೇ ಎಣಿಸಿದರೆ ಚಂದ್ರ, ಅಂದರೆ ಸೋಮವಾರ. ಏಳೂ ದಿನ ಸರಿಯಾಗಿ ಬರುತ್ತದೆ. ಬೆರಳಲ್ಲಿ ಎಣಿಸಿ ನೋಡಿ.

ಈ ಹೆಸರುಗಳಿಗೆ ವಯಸ್ಸೂ ಜಾಸ್ತಿ. ಮಧ್ಯಪ್ರದೇಶದ ಏರಣದಲ್ಲಿ ಗುಪ್ತರ ದೊರೆ ಬುಧಗುಪ್ತನ ಕಾಲದ ಶಾಸನವಿದೆ, ಕ್ರಿ.ಶ. 484ರದು. ಅದರಲ್ಲಿ "ಸುರಗುರುವಿನ ದಿನ" ಅಂತ ಬರುತ್ತದೆ. ನಮ್ಮ ಗುರುವಾರ.

ಆದರೆ ನಮ್ಮ ಜನ ಆ ಹೆಸರುಗಳನ್ನು ಬಾಯಲ್ಲಿ ಇದ್ದ ಹಾಗೇ ಇಟ್ಟುಕೊಳ್ಳಲಿಲ್ಲ. ಆದಿತ್ಯವಾರ ಐತವಾರ ಆಯಿತು, ಐತಾರವೂ ಆಯಿತು. ಬೃಹಸ್ಪತಿವಾರ ಬೇಸ್ತವಾರ ಆಯಿತು. ತುಳುವಿನಲ್ಲಿ ಮಂಗಳವಾರಕ್ಕೆ ಅಂಗಾರೆ, ಅಂಗಾರಕನ ದಿನ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ನೀವು ಎಂಥ ಹೆಸರು ಕಟ್ಟಿದರೂ ಬಾಯಿ ಅದನ್ನು ಸವೆಸಿ ತನಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತದೆ.

ಮೂರು ವಾರ ಬರೆದಿಡಿ

ಇದೇ ಮುಖ್ಯವಾದ ಹೆಜ್ಜೆ. ತುಂಬಾ ಜನ ಇದನ್ನೇ ಬಿಡುತ್ತಾರೆ. ಒಂದು ಕಾಗದ ತೆಗೆದು ಸೋಮವಾರ ಧೈರ್ಯದ ದಿನ, ಮಂಗಳವಾರ ಪ್ರೀತಿಯ ದಿನ ಅಂತ ಬರೆದುಬಿಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಬುಧವಾರಕ್ಕೆ "ವ್ಯಾಯಾಮವಾರ" ಅಂತ ಇಟ್ಟೆ. ಎರಡು ಬುಧವಾರ ನಡೆಯಿತು, ಮೂರನೆಯದಕ್ಕೆ ಮಳೆ, ನಾಲ್ಕನೆಯದಕ್ಕೆ ನೆಂಟರು. ಆಮೇಲೆ ಆ ಹೆಸರು ಹೇಳಿದರೇ ಮನೆಯಲ್ಲಿ ಎಲ್ಲರಿಗೂ ಕಸಿವಿಸಿ. ಆಗಬೇಕಾದದ್ದಕ್ಕೆ ಹೆಸರಿಡಬೇಡಿ. ಆಗುತ್ತಿರುವುದಕ್ಕೆ ಇಡಿ.

ಅದಕ್ಕೆ ಮೊದಲು ಏನಾಗುತ್ತಿದೆ ಅಂತ ಗೊತ್ತಾಗಬೇಕು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಬರೆಯಿರಿ. ದಿನಕ್ಕೆ ಎರಡೋ ಮೂರೋ ಪದ. ಯಾರು ಬಂದರು, ಏನು ಅಡುಗೆ, ಎಲ್ಲಿಗೆ ಹೋದೆವು, ಯಾವ ಸದ್ದು, ಯಾವ ವಾಸನೆ. ಮಕ್ಕಳೂ ಬರೆಯಲಿ. ನಾನು "ಬಟ್ಟೆ, ಬ್ಯಾಂಕು" ಅಂತ ಬರೆದ ದಿನ ಮಗಳು "ಅಜ್ಜಿ ಕೂದಲು ಒಣಗಿಸಿದರು" ಅಂತ ಬರೆದಿದ್ದಳು. ಹೆಸರು ಹುಟ್ಟುವುದು ಅಂಥ ಸಾಲಿನಿಂದ.

ಮೂರು ವಾರ ಆದ ಮೇಲೆ ಒಂದೊಂದು ದಿನದ ಮೂರು ಚೌಕಗಳನ್ನು ಒಟ್ಟಿಗೆ ನೋಡಿ. ಮೂರಕ್ಕೆ ಮೂರು ಸಲ ಬಂದಿರುವುದಕ್ಕೆ ಸುತ್ತು ಹಾಕಿ. ಎರಡು ಸಲ ಬಂದದ್ದನ್ನು ಇನ್ನೂ ಎರಡು ವಾರ ಕಾಯಿಸಿ.

ಇಲ್ಲಿ ಒಂದು ಕಡೆ ನಾವು ಮೋಸ ಹೋದೆವು. ನಮ್ಮ ಬೀದಿಗೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಅವತ್ತು ಮನೆಯೆಲ್ಲ ಬಿಂದಿಗೆ, ಡ್ರಮ್ಮು, ಓಡಾಟ. ಅಷ್ಟು ದೊಡ್ಡ ದಿನಕ್ಕೆ "ನೀರುವಾರ" ಅಂತ ಹೆಸರಿಡಲು ಎಲ್ಲರೂ ಒಪ್ಪಿದ್ದರು. ಆದರೆ ನಾಲ್ಕು ದಿನದ ಸುತ್ತು ಏಳು ದಿನದ ಸುತ್ತಿಗೆ ಕೂಡಿಬರುವುದಿಲ್ಲ. ಈ ವಾರ ಮಂಗಳವಾರ ಮತ್ತು ಶನಿವಾರ ನೀರು ಬಂದರೆ ಮುಂದಿನ ವಾರ ಬುಧವಾರ. ಏಳು ದಿನಕ್ಕೆ ಸರಿಯಾಗಿ ಮರಳುವುದು ಮಾತ್ರ ದಿನದ ಹೆಸರಾಗಬಲ್ಲದು. ಅಮಾವಾಸ್ಯೆ, ಏಕಾದಶಿ, ಸಂಬಳದ ದಿನ ಇವೂ ಇದೇ ಲೆಕ್ಕಕ್ಕೆ ಬರುತ್ತವೆ, ಅವನ್ನು ಬಿಡಿ.

ಗೂಟದ ದಿನ ಹುಡುಕಿ

ಏಳಕ್ಕೂ ಒಮ್ಮೆಗೇ ಹೆಸರಿಡಲು ಹೋಗಬೇಡಿ. ವಾರವನ್ನು ಹಿಡಿದು ನಿಲ್ಲಿಸುವ ಒಂದು ದಿನ ಎಲ್ಲರ ಮನೆಯಲ್ಲೂ ಇರುತ್ತದೆ. ಅದನ್ನು ನಾನು ಗೂಟದ ದಿನ ಅನ್ನುತ್ತೇನೆ. ಮೊದಲ ಹೆಸರು ಅದಕ್ಕೆ.

ನಮ್ಮ ನಾಡಿನಲ್ಲಿ ಅದಕ್ಕೆ ದೊಡ್ಡ ಉದಾಹರಣೆ ಸಂತೆ. ಹಳ್ಳಿಯಲ್ಲಿ "ಸಂತೆ ಮಾರನೇ ದಿನ ಬರ್ತೀನಿ" ಅಂದರೆ ಸಾಕು, ಯಾವ ವಾರ ಅಂತ ಯಾರೂ ಕೇಳುವುದಿಲ್ಲ. ಕೊಡಗಿನ ಶನಿವಾರಸಂತೆ ಊರಿನ ಹೆಸರಲ್ಲೇ ದಿನವೂ ಇದೆ, ಸಂತೆಯೂ ಇದೆ. ಪಕ್ಕದಲ್ಲೇ ಸೋಮವಾರಪೇಟೆ. ದೂರದ ಜಾವಾ ದ್ವೀಪದಲ್ಲಿ ಏಳು ದಿನದ ವಾರದ ಜೊತೆಗೇ ಐದು ದಿನದ ಇನ್ನೊಂದು ಸುತ್ತು ನಡೆಯುತ್ತದೆ: ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್. ಅದು ಸಂತೆಯ ಸುತ್ತು. ನೈಜೀರಿಯಾದ ಇಗ್ಬೋ ಜನರಿಗೆ ಎಕೆ, ಓರಿಯೆ, ಅಫೊ, ಎನ್‌ಕ್ವೊ ಅಂತ ನಾಲ್ಕೇ ದಿನ, ನಾಲ್ಕೂ ಸಂತೆಯ ಹೆಸರು. ಕೊಳ್ಳುವ ಮಾರುವ ಜನ ಎಲ್ಲ ಕಡೆಯೂ ಹೀಗೇ ದಿನ ಗುರುತಿಟ್ಟಿದ್ದಾರೆ.

ಸಂತೆ ಇಲ್ಲದ ಊರಲ್ಲಿ ಗೂಟ ಬೇರೆ ಇರುತ್ತದೆ. ಹಳೇ ಮೈಸೂರು ಕಡೆ "ಇವತ್ತು ನಮ್ಮನೇಲಿ ವಾರ" ಅನ್ನುತ್ತಾರೆ. ಮನೆದೇವರ ದಿನ, ಮಾಂಸ ಮಾಡುವುದಿಲ್ಲ ಅಂತ ಅರ್ಥ. ನೋಡಿ, ಅವರಿಗೆ ಆ ಒಂದು ದಿನವೇ "ವಾರ", ಉಳಿದವು ಬರೀ ದಿನ. ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಬಸವನಿಗೆ ರಜೆ. ಐಸ್‌ಲೆಂಡಿನವರು ಶನಿವಾರಕ್ಕೆ ಸ್ನಾನದ ದಿನ ಅಂತಲೇ ಕರೆಯುತ್ತಾರೆ, ಶುಕ್ರವಾರಕ್ಕೆ ಉಪವಾಸದ ದಿನ ಅಂತ. ಇದನ್ನು ಓದಿದಾಗ ನಮ್ಮತ್ತೆ "ಅವರಿಗೂ ಶನಿವಾರ ಎಣ್ಣೆ ಸ್ನಾನವಾ?" ಅಂತ ಕೇಳಿದರು. ಎಣ್ಣೆ ಇಲ್ಲ, ಆದರೆ ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ.

ರಜೆಯನ್ನು ಗೂಟ ಮಾಡುವಾಗ ಸ್ವಲ್ಪ ಎಚ್ಚರ. ದುಬೈನಲ್ಲಿ 2021ರ ಕೊನೆಯವರೆಗೂ ವಾರದ ರಜೆ ಶುಕ್ರವಾರ, ಶನಿವಾರ ಇತ್ತು. ಅಲ್ಲಿನ ಕನ್ನಡಿಗರ ಮಕ್ಕಳು ಭಾನುವಾರ ಚೀಲ ಹೊತ್ತು ಶಾಲೆಗೆ ಹೋಗುತ್ತಿದ್ದರು. 2022ರಿಂದ ಅದು ಶನಿವಾರ, ಭಾನುವಾರಕ್ಕೆ ಬಂತು. ರಜೆಯನ್ನು ಬೇರೆ ಯಾರೋ ತೀರ್ಮಾನಿಸುತ್ತಾರೆ. ಆ ದಿನ ನಿಮ್ಮ ಮನೆಯಲ್ಲಿ ನೀವು ಏನು ಮಾಡುತ್ತೀರೋ ಅದನ್ನು ಹೆಸರಿಗೆ ತನ್ನಿ.

ಉಳಿದ ದಿನಗಳಿಗೆ ದಾರಿ

ಗೂಟ ಸಿಕ್ಕ ಮೇಲೆ ಅದರ ಹಿಂದಿನ ದಿನ, ಮುಂದಿನ ದಿನ ನೋಡಿ. ಹೆಸರು ತಾನಾಗಿ ಬರುತ್ತದೆ. ನಮ್ಮ ಊರಿನ ಸಂತೆ ಮಂಗಳವಾರ. ಸಂತೆಯಿಂದ ತಂದ ಸೊಪ್ಪು ಮಾರನೇ ದಿನಕ್ಕೆ ಬಾಡುತ್ತದೆ. ಹಾಗಾಗಿ ಬುಧವಾರ ಬಸ್ಸಾರು ಇಲ್ಲವೇ ಮಸ್ಸೊಪ್ಪು ತಪ್ಪುವುದೇ ಇಲ್ಲ. ಮೂರಕ್ಕೆ ಮೂರು ವಾರ ಕ್ಯಾಲೆಂಡರಿನಲ್ಲಿ "ಸೊಪ್ಪು" ಅಂತಲೇ ಇತ್ತು. ಇಷ್ಟು ವರ್ಷ ಅಡುಗೆ ಮಾಡಿದ ನನಗೇ ಅದು ಕಂಡಿರಲಿಲ್ಲ. ಬುಧವಾರ ನಮಗೆ ಸೊಪ್ಪುವಾರ ಆಯಿತು.

ಏನೂ ಸಿಗದ ದಿನಕ್ಕೆ ಎಣಿಕೆ ಸಾಕು. ಪೋರ್ಚುಗೀಸರು ಸೋಮವಾರದಿಂದ ಶುಕ್ರವಾರದವರೆಗೆ ಎರಡನೆಯದು, ಮೂರನೆಯದು ಅಂತಲೇ ಹೇಳುತ್ತಾರೆ. ಚೀನಾದವರು ಸೋಮವಾರಕ್ಕೆ ಒಂದು, ಮಂಗಳವಾರಕ್ಕೆ ಎರಡು ಅನ್ನುತ್ತಾರೆ. ಜರ್ಮನ್ನರಿಗೂ ಫಿನ್‌ಲೆಂಡಿನವರಿಗೂ ಬುಧವಾರ ಅಂದರೆ ವಾರದ ನಡು. "ನಡುವಾರ" ಕನ್ನಡದಲ್ಲೂ ಚೆನ್ನಾಗಿ ಕೂರುತ್ತದೆ, ಅಲ್ವಾ? ಮಕ್ಕಳ ತರಗತಿಯಾದರೆ ಜಪಾನಿನ ದಾರಿ ಹಿಡಿಯಬಹುದು. ಅಲ್ಲಿ ಸೂರ್ಯ, ಚಂದ್ರ, ಬೆಂಕಿ, ನೀರು, ಮರ, ಲೋಹ, ಮಣ್ಣು ಅಂತ ಏಳು ದಿನ. ಮರದ ದಿನ ಗಿಡಕ್ಕೆ ನೀರು, ಮಣ್ಣಿನ ದಿನ ಜೇಡಿಮಣ್ಣಿನ ಆಟ ಅಂತ ಟೀಚರ್ ಸುಲಭವಾಗಿ ಹೊಂದಿಸಬಹುದು.

ಗ್ರಹಗಳನ್ನೇ ಅಚ್ಚಗನ್ನಡದಲ್ಲಿ ಹೇಳೋಣ ಅನ್ನುವವರೂ ಇದ್ದಾರೆ. ತಮಿಳಿನಲ್ಲಿ ಅದು ಇದೆ: ಞಾಯಿರು ಅಂದರೆ ಸೂರ್ಯ, ತಿಂಗಳ್ ಅಂದರೆ ಚಂದ್ರ, ವೆಳ್ಳಿ ಅಂದರೆ ಬೆಳ್ಳಿ ಚುಕ್ಕಿ. ನಮ್ಮಲ್ಲೂ ನೇಸರುವಾರ, ಬೆಳ್ಳಿವಾರ ಕೇಳಲು ಚಂದ. ಆದರೆ ಸೋಮವಾರಕ್ಕೆ ತಿಂಗಳುವಾರ ಅಂದರೆ ಕೇಳಿದವರು ತಿಂಗಳೋ ವಾರವೋ ಅಂತ ಗೊಂದಲಕ್ಕೆ ಬೀಳುತ್ತಾರೆ. ನನ್ನ ಮಟ್ಟಿಗೆ, ಮನೆಯ ಹೆಸರು ಆಕಾಶಕ್ಕಿಂತ ಅಡುಗೆಮನೆಯಿಂದ, ಹಿತ್ತಲಿಂದ ಬಂದರೆ ಹೆಚ್ಚು ದಿನ ಉಳಿಯುತ್ತದೆ.

ಪದ ಕಟ್ಟುವುದು, ಬಾಯಲ್ಲಿ ಆಡಿಸಿ ನೋಡುವುದು

ಕನ್ನಡದಲ್ಲಿ "ವಾರ" ಸೇರಿಸಿದರೆ ಯಾವ ಪದವೂ ದಿನವಾಗುತ್ತದೆ. ಸಂಸ್ಕೃತದಲ್ಲಿ ವಾರ ಅಂದರೆ ಸರದಿ ಅಂತಲೂ ಅರ್ಥವಿದೆ. ಇವತ್ತು ಯಾರ ಸರದಿ ಅನ್ನುವ ಹಾಗೆ. ಹಾಗಾಗಿ ಸೊಪ್ಪಿನ ಸರದಿ, ಎಣ್ಣೆಯ ಸರದಿ ಅಂದುಕೊಂಡರೆ ಹೊಸ ಹೆಸರು ಹಳೆಯ ದಾರಿಯಲ್ಲೇ ನಡೆಯುತ್ತದೆ.

ಮೊದಲ ಭಾಗ ಎರಡೋ ಮೂರೋ ಅಕ್ಷರ ಇರಲಿ. ಎಣ್ಣೆವಾರ, ಸೊಪ್ಪುವಾರ, ಪುರಿವಾರ. ಗ್ರಂಥಾಲಯವಾರ ಅಂತ ಇಟ್ಟರೆ ಒಂದು ವಾರದೊಳಗೆ ಯಾರೂ ಹೇಳುವುದಿಲ್ಲ.

ಕಟ್ಟಿದ ಮೇಲೆ ಬೇಗಬೇಗ ಹತ್ತು ಸಲ ಹೇಳಿ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಬದಲಾಯಿಸಿ. ಆಮೇಲೆ ಅದನ್ನು ವಾಕ್ಯದಲ್ಲಿ ಹಾಕಿ: "ಹೋದ ಸೊಪ್ಪುವಾರ ಬಂದಿದ್ದರು", "ಸೊಪ್ಪುವಾರಕ್ಕೆ ಕೊಡ್ತೀನಿ", "ಸೊಪ್ಪುವಾರದಿಂದ ಪರೀಕ್ಷೆ". ಈ ಮೂರರಲ್ಲೂ ಸಲೀಸಾಗಿ ಬಂದರೆ ಹೆಸರು ಗಟ್ಟಿ.

ಬೇರೆ ಅರ್ಥ ಬರುತ್ತದಾ ಅಂತಲೂ ನೋಡಿ. ಶನಿವಾರ ಮಗಳಿಗೆ ಬೆಳಗ್ಗೆ ಮಾತ್ರ ಶಾಲೆ. ಅವಳು "ಅರ್ಧವಾರ" ಅಂತ ಇಟ್ಟಳು. ಅವಳ ಅಪ್ಪ ಅದನ್ನು ಮೂರೂವರೆ ದಿನ ಅಂದುಕೊಂಡು ಎರಡು ಸಲ ತಪ್ಪು ತಿಳಿದರು. ಕೊನೆಗೆ "ಅರೆಶಾಲೆ" ಅಂತ ಆಯಿತು. ವಾರ ಅನ್ನುವ ಬಾಲ ಎಲ್ಲಕ್ಕೂ ಇರಲೇಬೇಕು ಅಂತಿಲ್ಲ.

ಮೊದಲ ಅಕ್ಷರ ಏಳಕ್ಕೂ ಬೇರೆಬೇರೆ ಇದ್ದರೆ ಒಳ್ಳೆಯದು. ಕ್ಯಾಲೆಂಡರಿನಲ್ಲಿ ಭಾ, ಸೋ, ಮಂ, ಬು, ಗು, ಶು, ಶ ಅಂತ ಚಿಕ್ಕದಾಗಿ ಹಾಕುತ್ತಾರಲ್ಲ, ಅದರಲ್ಲಿ ಶು, ಶ ಎರಡನ್ನೂ ನಮ್ಮತ್ತೆ ಕನ್ನಡಕ ಇಲ್ಲದೆ ಗುರುತಿಸಲಾರರು. ವಯಸ್ಸಾದವರ ಸಲುವಾಗಿ ಹೆಸರು ಕಟ್ಟುತ್ತಿದ್ದರೆ ಇದಕ್ಕೆ ಜಾಸ್ತಿ ಗಮನ ಕೊಡಿ. ಅಕ್ಷರದ ಜೊತೆ ಒಂದು ಚಿತ್ರವನ್ನೂ ಬರೆಯಿರಿ. ಸಂತೆಗೆ ಚೀಲ, ಎಣ್ಣೆವಾರಕ್ಕೆ ಬಟ್ಟಲು.

ಏಳನ್ನು ಮುರಿಯಬೇಡಿ, ಹಳೆಯದನ್ನು ಅಳಿಸಬೇಡಿ

ಉತ್ಸಾಹದಲ್ಲಿ ದಿನಗಳ ಎಣಿಕೆಗೇ ಕೈ ಹಾಕಬೇಡಿ. ಫ್ರಾನ್ಸಿನಲ್ಲಿ ಕ್ರಾಂತಿಯ ನಂತರ 1793ರಲ್ಲಿ ಹತ್ತು ದಿನದ ವಾರ ತಂದರು. ಪ್ರಿಮಿದಿಯಿಂದ ದೆಕಾದಿಯವರೆಗೆ ಹೊಸ ಹೆಸರು. ಅದರ ಜೊತೆಗೆ ವರ್ಷದ ಒಂದೊಂದು ದಿನಕ್ಕೂ ಗಿಡ, ಪ್ರಾಣಿ, ರೈತನ ಉಪಕರಣ ಇಂಥವುಗಳ ಹೆಸರು. ಅದು ನಿಜಕ್ಕೂ ಸುಂದರ ಯೋಚನೆ. ಆದರೆ ಏಳು ದಿನಕ್ಕೊಮ್ಮೆ ಬರುತ್ತಿದ್ದ ರಜೆ ಹತ್ತು ದಿನಕ್ಕೊಮ್ಮೆ ಆಯಿತು. 1806ರ ಜನವರಿ 1ರಿಂದ ಆ ಕ್ಯಾಲೆಂಡರನ್ನೇ ಕೈಬಿಟ್ಟರು. ಸೋವಿಯತ್ ರಷ್ಯಾ 1929ರಲ್ಲಿ ಐದು ದಿನದ ವಾರ ಮಾಡಿತು. ಕೆಲಸಗಾರರಿಗೆ ಬಣ್ಣ ಹಂಚಿ, ಒಂದೊಂದು ಬಣ್ಣಕ್ಕೆ ಒಂದೊಂದು ದಿನ ರಜೆ. ಗಂಡನಿಗೆ ಒಂದು ಬಣ್ಣ, ಹೆಂಡತಿಗೆ ಇನ್ನೊಂದು ಬಣ್ಣ ಬಂದರೆ ಇಬ್ಬರೂ ಒಟ್ಟಿಗೆ ಮನೆಯಲ್ಲಿರುವ ದಿನವೇ ಇಲ್ಲ. 1931ರಲ್ಲಿ ಆರು ದಿನ ಮಾಡಿದರು, 1940ರಲ್ಲಿ ಮತ್ತೆ ಏಳಕ್ಕೇ ಬಂದರು.

ಹಾಗೇ, ಶಾಲೆಗೆ, ಬ್ಯಾಂಕಿಗೆ, ಡಾಕ್ಟರ ಹತ್ತಿರ ಹಳೆಯ ಹೆಸರೇ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ. ನಮ್ಮ ಕ್ಯಾಲೆಂಡರಿನಲ್ಲಿ ಮೇಲೆ ಮನೆಯ ಹೆಸರು ದಪ್ಪಗೆ, ಕೆಳಗೆ ಬುಧವಾರ ಅಂತ ಸಣ್ಣಗೆ. ಮನುಷ್ಯರಿಗೂ ಮನೆಯಲ್ಲಿ ಕರೆಯುವ ಹೆಸರು ಒಂದು, ಶಾಲೆಯಲ್ಲಿ ಬರೆಸಿದ ಹೆಸರು ಒಂದು ಇರುತ್ತದಲ್ಲ, ಹಾಗೆ.

ಮೂರು ತಿಂಗಳು ಬಿಟ್ಟು ನೋಡಿ

ಹೆಸರು ನಿಂತಿದೆಯೋ ಇಲ್ಲವೋ ಅಂತ ತಿಳಿಯಲು ಒಂದೇ ದಾರಿ. ನೀವು ನೆನಪಿಸದೆ ಯಾರಾದರೂ ಅದನ್ನು ಬಳಸಿದರಾ? ಅತ್ತೆ ಫೋನಿನಲ್ಲಿ ತಂಗಿಗೆ "ಸೊಪ್ಪುವಾರ ಬಾರೇ" ಅಂದ ದಿನ ನಮಗೆ ಗೊತ್ತಾಯಿತು. ಆ ಕಡೆಯಿಂದ "ಅದ್ಯಾವ ವಾರ?" ಅಂತ ಕೇಳಿದರಂತೆ. ಅತ್ತೆ ಹತ್ತು ನಿಮಿಷ ವಿವರಿಸಿದರು. ಈಗ ಅವರ ಮನೆಯಲ್ಲೂ ಹುಡುಕಾಟ ನಡೆದಿದೆ.

ಮೂರು ತಿಂಗಳಲ್ಲಿ ಯಾರ ಬಾಯಲ್ಲೂ ಬಾರದ ಹೆಸರನ್ನು ತೆಗೆದುಬಿಡಿ. ಬೇಜಾರು ಬೇಡ. ಮಳೆಗಾಲಕ್ಕೆ, ಬೇಸಿಗೆ ರಜೆಗೆ ದಿನದ ರೂಪ ಬದಲಾದರೆ ಹೆಸರೂ ಬದಲಾಗಲಿ.

ನಮ್ಮ ಮನೆಯ ಪಟ್ಟಿ ಈಗ ಹೀಗಿದೆ. ಭಾನುವಾರ ಎಣ್ಣೆವಾರ, ಎಲ್ಲರ ತಲೆಗೂ ಎಣ್ಣೆ ಬೀಳುವ ದಿನ. ಸೋಮವಾರ ಒಪ್ಪೊತ್ತು, ಅತ್ತೆ ಅವತ್ತು ಒಂದೇ ಹೊತ್ತು ಊಟ ಮಾಡುತ್ತಾರೆ. ಮಂಗಳವಾರ ಸಂತೆ. ಬುಧವಾರ ಸೊಪ್ಪುವಾರ. ಶುಕ್ರವಾರ ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಇಡುವ ದಿನ. ಹೊಸ್ತಿಲುವಾರ ಅಂತ ಇಟ್ಟದ್ದು ಒಂದೇ ತಿಂಗಳಲ್ಲಿ ಹೊಸ್ಲಾರ ಆಗಿದೆ, ಐತಾರದ ಹಾಗೆ. ಶನಿವಾರ ಅರೆಶಾಲೆ.

ಗುರುವಾರಕ್ಕೆ ಇನ್ನೂ ಏನೂ ಸಿಕ್ಕಿಲ್ಲ. ನಾನು ಎಣಿಕೆಯ ಹೆಸರು ಇಡೋಣ ಅಂದೆ. ಮಗಳು ಒಪ್ಪಲಿಲ್ಲ, "ಏನಾದ್ರೂ ಆಗತ್ತೆ, ಕಾಯೋಣ" ಅಂದಳು. ಹಾಗಾಗಿ ಪ್ರತಿ ಗುರುವಾರ ರಾತ್ರಿ ಮಲಗುವ ಮೊದಲು ಅವಳು ಆ ಚೌಕದಲ್ಲಿ ಎರಡು ಪದ ಬರೆಯುತ್ತಾಳೆ. ಹೋದ ವಾರದ್ದು "ಗುಬ್ಬಿ, ಕರೆಂಟಿಲ್ಲ."